ಅವರ ದನಿಗೆ ಪೌತಿ ಇಲ್ಲ

ಯಲಬುರ್ಗಾದ ತಾಲ್ಲೂಕು ಕಚೇರಿಯಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗುಮಾಸ್ತೆಯಾಗಿದ್ದೆ. ಅದರಲ್ಲಿ ಬಹುಪಾಲು ಕಾಲ ಪೌತಿ ಅರ್ಜಿಗಳ ಮೇಜು ನನ್ನದು. ಹೊಲದ ಒಡೆಯ ತೀರಿಕೊಂಡರೆ ಆ ಹೊಲವನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡಿಕೊಡುವುದಕ್ಕೆ ಪೌತಿ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಪ್ರತಿ. ಮೂರೂ ಸರಿಯಿದ್ದರೆ ನಾನು ಯಾರನ್ನೂ ಎರಡನೆಯ ಸಲ ತಿರುಗಿಸಿದವಳಲ್ಲ. ಸತ್ತವರದು ಏನೇ ಇರಲಿ, ಕಾಗದ ನೆಟ್ಟಗಿದ್ದರೆ ಅದು ಬದುಕಿದ್ದವರ ಕೈಗೆ ಬಂದೇ ಬರುತ್ತದೆ ಎಂದು ನಾನು ನಂಬಿದ್ದೆ.

ಕೊಪ್ಪಳ ಬೇರೆ ಜಿಲ್ಲೆಯಾದ 1997ರಲ್ಲೇ ನಮ್ಮ ಮದುವೆಯಾಯಿತು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಆಳು ಸಣ್ಣ, ದನಿ ದೊಡ್ಡದು. ಅಳವಂಡಿಯಲ್ಲಿದ್ದಾಗ ಶಾಲೆಯ ಎದುರಿನ ಚಹಾದಂಗಡಿಯವನು, "ಅಕ್ಕಾರ, ನಾನು ಸಾಲಿ ಮೆಟ್ಟಲಾ ಹತ್ತಿಲ್ಲ. ಮಾಸ್ತರ ಒದರೂದು ಕೇಳಿ ಕೇಳಿ ಹದಿನೆಂಟರ ಮಗ್ಗಿ ತನಕ ಬರ್ತೈತಿ ನನಗ" ಎಂದಿದ್ದ. ಮನೆಯಲ್ಲೂ ಅಷ್ಟೇ. ನೀರು ಕೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ಸಣ್ಣಗೆ ಮಾತಾಡಿರಿ ಎಂದು ಎಷ್ಟು ಸಲ ಜಗಳ ತೆಗೆದಿದ್ದೇನೋ ಲೆಕ್ಕವಿಲ್ಲ.

ಅವರ ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಆ ದನಿ ಒಡೆಯತೊಡಗಿತು. ಸೀಮೆಸುಣ್ಣದ ಪುಡಿಯಿಂದ ಎಂದುಕೊಂಡೆವು. ಜೇನು ನೆಕ್ಕಿಸಿದೆ, ಜ್ಯೇಷ್ಠಮಧು ಅಗಿಯಲು ಕೊಟ್ಟೆ. ಕಡೆಗೆ ಹುಬ್ಬಳ್ಳಿಯ ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿ ನೋಡಿ, ನನ್ನನ್ನೂ ಒಳಗೆ ಕರೆದರು. ಕ್ಯಾನ್ಸರಿನ ಹುಣ್ಣು ಧ್ವನಿಪೆಟ್ಟಿಗೆಯಲ್ಲಿತ್ತು. ಅದನ್ನೇ ತೆಗೆಯಬೇಕಿತ್ತು.

"ಜೀವ ಉಳೀತೈತ್ರಿ ಸರ್," ಎಂದರು ಡಾಕ್ಟರು. "ಮಾತು ಉಳಿಯೂದಿಲ್ಲ."

ಆಪರೇಷನ್ನಿಗೆ ಮೂರು ವಾರ ಇತ್ತು. ಆ ಮೂರು ವಾರ ಅವರು ದಿನಾ ಊಟವಾದ ಮೇಲೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ತಮ್ಮ ದನಿಯನ್ನು ತುಂಬಿಸುತ್ತಿದ್ದರು. ಕತೆ, ಮಗ್ಗಿ, ಮಗಳು ಚಿಕ್ಕವಳಿದ್ದಾಗ ಹೇಳುತ್ತಿದ್ದ ಲಾಲಿ, ಮುಂದೆಂದೋ ಹುಟ್ಟುವ ಮೊಮ್ಮಗುವಿಗೆ ಬುದ್ಧಿಮಾತು. ಬಾಗಿಲ ಹೊರಗೆ ನನಗೆ ಬರೀ ಗುನುಗು ಕೇಳುತ್ತಿತ್ತು. ಒಡೆದ ದನಿಯನ್ನು ಕೆಮ್ಮಿ ಕೆಮ್ಮಿ ನೇರ ಮಾಡಿಕೊಂಡು ಮತ್ತೆ ಶುರುಮಾಡುತ್ತಿದ್ದರು. ಒಂದು ದಿನ ಹೊರಗೆ ಬಂದವರು ಬೆವರು ಒರೆಸಿಕೊಳ್ಳುತ್ತ, "ನಿನಗೂ ಒಂದು ಮಾಡೇನಿ. ಈಗ ಕೇಳಬ್ಯಾಡ. ನಾ ಹೋದಮ್ಯಾಲೆ ಕೇಳು" ಎಂದರು.

"ಅಂಥಾ ಮಾತು ಯಾಕ ಆಡ್ತೀರಿ?" ಎಂದು ನಾನು ಸಿಟ್ಟಿಗೆದ್ದೆ.

"ಆಡಾಕ ಇನ್ನ ಎಂಟು ದಿನ ಉಳದಾವ. ಆಡ್ತೇನಿ ಬಿಡು," ಎಂದರು.

ಆಪರೇಷನ್ ಆಯಿತು. ಕುತ್ತಿಗೆಯ ತೂತಿನಿಂದ ಉಸಿರಾಡುತ್ತ ಮನೆಗೆ ಬಂದರು. ಮಗಳು ಶಾಲೆಯ ಮಕ್ಕಳ ಪಾಟಿಯೊಂದನ್ನು ತಂದುಕೊಟ್ಟಳು. ಅದರ ಮೇಲೆ ಬಳಪದಿಂದ ಬರೆದು ಮಾತಾಡುತ್ತಿದ್ದರು. ಶಾಲೆಯವರು ಒಳ್ಳೆಯವರು, ಪಾಠ ಬಿಡಿಸಿ ಕಾಗದಪತ್ರದ ಕೆಲಸ ಕೊಟ್ಟರು. ಹೀಗೆ ಎರಡು ವರ್ಷ ನಡೆಯಿತು. ತುಂಬಿಸಿಟ್ಟ ದನಿಯನ್ನು ಅವರು ಒಮ್ಮೆಯೂ ಹಚ್ಚಿ ಕೇಳಲಿಲ್ಲ, ನಮಗೂ ಕೇಳಗೊಡಲಿಲ್ಲ. ಅದೆಲ್ಲ ಫೋನಿನಿಂದ ತನ್ನಷ್ಟಕ್ಕೆ ತಮ್ಮ ಮೇಲ್ ಖಾತೆಗೆ ಏರಿರುತ್ತದೆ, ಫೋನು ಕೆಟ್ಟರೂ ಕಳೆಯುವುದಿಲ್ಲ ಎಂದು ಪಾಟಿಯ ಮೇಲೆ ಬರೆದು ತೋರಿಸಿದ್ದರು. ಅದರ ಕೆಳಗೆ, "ಬೀಗ, ಪಾಸ್‌ವರ್ಡ್ ಎಲ್ಲಾ ಒಂದು ವಹಿಯೊಳಗ ಬರದಿಡ್ತೇನಿ" ಎಂದೂ ಬರೆದರು.

"ಬರೀರಿ, ಏನ ಅವಸರ ಐತಿ," ಎಂದೆ ನಾನು. ಕಚೇರಿಗೆ ಹೊತ್ತಾಗಿತ್ತು.

ಒಂದು ಬುಧವಾರ ಅವರು ಕೆಲಸದ ಮೇಲೆ ಕುಷ್ಟಗಿಗೆ ಹೋದರು. ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡಿರಬೇಕು. ಕೂಗಲು ದನಿಯಿಲ್ಲ. ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೂ ಕಿಟಕಿಗೆ ತಲೆಯಾನಿಸಿ ಕುಳಿತಿದ್ದವರನ್ನು ಕಂಡಕ್ಟರು ನಿದ್ದೆಯೆಂದು ತಟ್ಟಿ ಎಬ್ಬಿಸಲು ಹೋದನಂತೆ. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಆಮೇಲೆ ನಮ್ಮ ಮನೆಗೆ ಬಂದು, "ಯಕ್ಕಾ, ಅವರು ನನ್ನ ಮೊಣಕೈ ಹಿಡದ್ರು. ಗದ್ದಲದಾಗ ತಾಗಿರಬೇಕಂತ ಸರದು ಕುಂತೆ" ಎಂದು ಅತ್ತಳು. ಆಕೆಯನ್ನು ಕೂಡಿಸಿ ನೀರು ಕೊಟ್ಟೆ.

ಮನೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಕೊರಳಿಗೆ ಹಾರ, ಹಣೆಗೆ ವಿಭೂತಿ. ಭಜನೆಯವರು ಹಾಡುತ್ತಿದ್ದರು. ಆ ಗದ್ದಲದಲ್ಲಿ ನನ್ನ ಮೈದುನ ಹತ್ತಿರ ಬಂದು ಕಿವಿಯಲ್ಲಿ, "ವೈನಿ, ತಪ್ಪು ತಿಳೀಬ್ಯಾಡ್ರಿ. ಅಣ್ಣನ ಹೆಬ್ಬಟ್ಟು ಹಚ್ಚಿ ಫೋನಿನ ಬೀಗ ತಗದು ಇಟ್ಕೋರಿ. ಆಮ್ಯಾಲೆ ಭಾಳ ತ್ರಾಸ ಆಕೈತಿ" ಎಂದ. ಅವನನ್ನು ಬೈದು ಕಳಿಸಿದೆ. ಆಮೇಲೆ ಅವರ ಪಕ್ಕ ಕುಳಿತು, ಕೈ ಹಿಡಿದುಕೊಂಡವಳಂತೆ ಸೆರಗು ಮುಚ್ಚಿ, ಸೆರಗಿನೊಳಗೆ ಅವರ ಹೆಬ್ಬೆಟ್ಟನ್ನು ಫೋನಿಗೆ ಒತ್ತಿದೆ.

ಗುರುತು ಸಿಗಲಿಲ್ಲ ಎಂದಿತು ಫೋನು. ಕಚೇರಿಯಲ್ಲಿ ಎಷ್ಟೋ ಮುದುಕರ ಹೆಬ್ಬೆಟ್ಟನ್ನು ಬಟ್ಟೆಯಿಂದ ಒರೆಸಿ ಯಂತ್ರಕ್ಕೆ ಒತ್ತಿಸಿದವಳು ನಾನು. ಹಾಗೆಯೇ ಸೆರಗಿನಿಂದ ಒರೆಸಿ ಮತ್ತೆ ಒತ್ತಿದೆ. ನನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಲು ನೋಡಿದೆ. ಬೆರಳು ಬೆಚ್ಚಗಾಗಲಿಲ್ಲ. ಐದನೆಯ ಸಲಕ್ಕೆ ಫೋನು ಬೆರಳು ಬೇಡ, ಅಂಕಿ ಹಾಕು ಎಂದಿತು. ಎದುರಿಗೆ ಕುಳಿತಿದ್ದ ನಮ್ಮತ್ತೆ, ನಾನು ಗಂಡನ ಕೈ ಬಿಡಲಾರದೆ ಅಳುತ್ತಿದ್ದೇನೆಂದು ತಿಳಿದು ನನ್ನ ಬೆನ್ನು ಸವರುತ್ತಿದ್ದರು. ನಾಚಿಕೆಯಿಂದ ನಾನು ಸತ್ತುಹೋಗಬೇಕಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಕಪಾಟಿನಲ್ಲಿ ಅವರ ವಹಿ ಸಿಕ್ಕಿತು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ "ನನ್ನ ನಂತರ" ಎಂದಿತ್ತು. ವಿಮೆಯ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಸೇವಾ ಪುಸ್ತಕದ ಪ್ರತಿ ಎಲ್ಲಿದೆ, ಮನೆಪತ್ರ ಎಲ್ಲಿದೆ ಎಂದೆಲ್ಲ ಬರೆದಿದ್ದರು. ಆಮೇಲೆ ಎರಡು ಸಾಲು.

"ದನಿ ಇರುವ ಖಾತೆಯ ಪಾಸ್‌ವರ್ಡ್:" ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದರು.

"ಫೋನಿನ ಬೀಗ: ಆಕೆಗೆ ಗೊತ್ತು."

ಆಕೆ ಎಂದರೆ ನಾನು. ನನಗೆ ಗೊತ್ತಿರಲಿಲ್ಲ.

ಅವರು ಎಂದಾದರೂ ಹೇಳಿದ್ದರೇ? ಪಾಟಿಯ ಮೇಲೆ ಬರೆದು ತೋರಿಸಿದಾಗ ನಾನು ಒಲೆಯ ಮುಂದಿದ್ದು ಹೂಂ ಎಂದುಬಿಟ್ಟೆನೇ? ಅಥವಾ ನಮ್ಮಿಬ್ಬರಿಗೇ ಗೊತ್ತಿರುವ ಯಾವುದೋ ನಾಲ್ಕು ಅಂಕಿ, ಹೇಳದಿದ್ದರೂ ನಾನು ಊಹಿಸಿಯೇನು ಎಂದು ಬಿಟ್ಟರೇ? ಮದುವೆಯ ತಾರೀಖು ಹಾಕಿದೆ. ಮಗಳು ಹುಟ್ಟಿದ್ದು ಹಾಕಿದೆ. ಅವರು ನೌಕರಿಗೆ ಸೇರಿದ ವರ್ಷ, ಮನೆಯ ನಂಬರು, ಅವರ ಹಳೆಯ ಸ್ಕೂಟರಿನ ನಂಬರು. ಪ್ರತಿ ತಪ್ಪಿಗೂ ಫೋನು ಕಾಯಲು ಹೇಳುತ್ತಿತ್ತು. ಮೊದಲು ಅರ್ಧ ನಿಮಿಷ, ಆಮೇಲೆ ಒಂದು ತಾಸು, ಆಮೇಲೆ ಒಂದು ದಿನ. ದಿನಕ್ಕೊಂದೇ ಸಲ ಹಾಕಬಹುದು ಎಂದಾದಾಗ ನಾನು ಕಚೇರಿಯಲ್ಲಿ ಅರ್ಜಿಗಳ ಹಿಂದೆ ಅಂಕಿಗಳನ್ನು ಬರೆಯುತ್ತ ಕುಳಿತಿರುತ್ತಿದ್ದೆ.

ಮಗಳು ಗಿಣಿಗೇರಾದಲ್ಲಿರುತ್ತಾಳೆ. ಅಳಿಯ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಆಗ ಅವಳು ಆರು ತಿಂಗಳ ಬಸುರಿ. ದಿನಾ ಫೋನು ಮಾಡಿ ಕೇಳುತ್ತಿದ್ದಳು, "ತಗೀತೇನು ಅವ್ವಾ?"

"ಇಲ್ಲ ತಂಗಿ. ನಾಳೆ ತಗೀತೈತಿ."

ಎರಡು ತಿಂಗಳಾದ ಮೇಲೆ ನನಗೆ ತಡೆಯಲಾಗಲಿಲ್ಲ. ಮಗಳಿಗೂ ಹೇಳದೆ ಕೊಪ್ಪಳಕ್ಕೆ ಹೋಗಿ, ಫೋನು ರಿಪೇರಿ ಮಾಡುವ ಒಂದು ಅಂಗಡಿ ಹೊಕ್ಕೆ. ಅಂಗಡಿಯವರು ನನ್ನ ವಯಸ್ಸಿನವರೇ, ದಪ್ಪ ಕನ್ನಡಕ, ಮಾತು ಮೆತ್ತಗೆ. ಫೋನನ್ನು ತಿರುಗಿಸಿ ನೋಡಿ ಹೇಳಿದರು:

"ಬೀಗ ಇದ್ದಂಗ ಒಳಗಿಂದು ತಗಿಯಾಕ ಬರೂದಿಲ್ರಿ ಅಕ್ಕಾರ. ಇದಕ್ಕಿರೂದು ಒಂದ ದಾರಿ. ಪೂರಾ ಅಳಿಸಿ ಹೊಸಾದು ಮಾಡೂದು. ಅದರಾಗ ಏನೈತ್ರಿ?"

"ನಮ್ಮ ಮನ್ಯಾವ್ರ ದನಿ ಐತ್ರಿ."

"ಖಾತೆಕ್ಕ ಏರೈತೇನ್ರಿ?"

"ಏರೈತಿ ಅಂತ ಅವರ ಬರದು ತೋರಿಸ್ಯಾರ."

"ಏರಿದ್ರ ಚಿಂತಿಲ್ಲ. ಅಳಿಸಿ, ಮತ್ತ ಅದ ಖಾತೆ ಹಾಕಿದ್ರ ಎಲ್ಲಾ ವಾಪಸ್ ಬರ್ತೈತಿ. ಏರಿಲ್ಲಂದ್ರ ಮಾತ್ರ..." ಎಂದು ನಿಲ್ಲಿಸಿದರು. "ವಿಚಾರ ಮಾಡ್ರಿ. ಮನ್ಯಾಗ ಕೇಳ್ರಿ. ನಾಳೆ ಬರ್ರಿ ಬೇಕಂದ್ರ."

ಆ ಮನುಷ್ಯ ನನಗೆ ಒಂದು ದಿನ ಕೊಟ್ಟಿದ್ದರು. ನಾನು ತೆಗೆದುಕೊಳ್ಳಲಿಲ್ಲ. "ಮಾಡ್ರಿ" ಎಂದೆ. ಒಂದು ಚೀಟಿಯ ಮೇಲೆ "ನನ್ನ ಒಪ್ಪಿಗೆಯಿಂದ" ಎಂದು ಬರೆಸಿ ಸಹಿ ಮಾಡಿಸಿಕೊಂಡರು. ನನ್ನ ಸರ್ಕಾರಿ ಸಹಿ, ಕೆಳಗೆ ಎರಡು ಗೆರೆ. ಹತ್ತು ನಿಮಿಷದಲ್ಲಿ ಫೋನು ಅಂಗಡಿಯಿಂದ ಆಗಷ್ಟೇ ತಂದಂತೆ ಬೆಳ್ಳಗೆ ಹೊಳೆಯಿತು. ಭಾಷೆ ಯಾವುದು ಎಂದು ಕೇಳಿತು. ಕನ್ನಡ ಒತ್ತಿದೆ. ಆಮೇಲೆ, ಈ ಫೋನಿನಲ್ಲಿ ಮೊದಲಿದ್ದ ಖಾತೆಯ ಪಾಸ್‌ವರ್ಡ್ ಹಾಕು ಎಂದಿತು.

ಪಾಸ್‌ವರ್ಡ್ ಮರೆತಿದ್ದರೆ ಗುಪ್ತ ಅಂಕಿ ಕಳಿಸುತ್ತೇವೆ ಎಂದು, ಕಳಿಸುವ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ತೋರಿಸಿತು. ಆ ಎರಡು ಅಂಕಿ ನೋಡಿದ ಕೂಡಲೇ ಗುರುತು ಹಿಡಿದೆ. ಅದು ಅವರ ಹಳೆಯ ನಂಬರು. ಅಳವಂಡಿಯಲ್ಲಿ ಅದಕ್ಕೆ ಸರಿಯಾಗಿ ಸಿಗ್ನಲ್ ಸಿಗುವುದಿಲ್ಲವೆಂದು ಎಷ್ಟೋ ವರ್ಷದ ಹಿಂದೆ ಬಿಟ್ಟುಬಿಟ್ಟಿದ್ದರು. ಖಾತೆಯಲ್ಲಿ ಬದಲಿಸಲು ಮರೆತಿದ್ದರು.

ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಆ ನಂಬರಿಗೆ ಫೋನು ಹಚ್ಚಿದೆ. ನನ್ನ ಗಂಡನ ನಂಬರು. ರಿಂಗಾಯಿತು. ಒಬ್ಬ ಹೆಣ್ಣುಮಗಳು ಎತ್ತಿದಳು. ತೆಲುಗು ಬೆರೆತ ಗಂಗಾವತಿ ಕಡೆಯ ಕನ್ನಡ. ಹಿಂದೆ ಪಾತ್ರೆಗಳ ಸದ್ದು. ನಾನು ಗಡಬಡಿಸಿ, "ಯಕ್ಕಾ, ನಿಮ್ಮ ಫೋನಿಗೆ ಒಂದು ನಂಬರ್ ಬರ್ತೈತ್ರಿ, ಅದನ್ನ ನನಗ ಹೇಳ್ರಿ" ಎಂದುಬಿಟ್ಟೆ.

"ಓಟಿಪಿ ಕೇಳ್ತೀಯಾ? ನಾಚಿಕೆ ಆಗಲ್ಲೇನಮ್ಮಾ ನಿನಗೆ? ಹೆಂಗಸಾಗಿ ಈ ಕೆಲಸ ಮಾಡ್ತೀಯಲ್ಲಾ!" ಎಂದು ಬೈದು ಇಟ್ಟಳು. ಮತ್ತೆ ಹಚ್ಚಿದರೆ ಹೋಗಲೇ ಇಲ್ಲ.

ಅವಳದು ತಪ್ಪಲ್ಲ. ನಮ್ಮ ಕಚೇರಿಯ ಗೋಡೆಗೇ ಓಟಿಪಿ ಯಾರಿಗೂ ಹೇಳಬೇಡಿ ಎಂಬ ಚೀಟಿ ಅಂಟಿಸಿತ್ತು. ಅಂಟಿಸಿದವಳು ನಾನೇ.

ಮೆಸೇಜು ಕಳಿಸುವ ಜಾಗದಲ್ಲಿ ಆ ನಂಬರಿನ ಪಕ್ಕ ಒಂದು ಸಣ್ಣ ಫೋಟೊ ಇತ್ತು. ಅಂಗಡಿಯವರು ತಮ್ಮ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಒಂದು ತಳ್ಳುಗಾಡಿ, ಅದರ ಮೇಲೆ ದೋಸೆ ಹಂಚು, ಹಿಂದೆ ಗಂಗಾವತಿ ಬಸ್ ನಿಲ್ದಾಣದ ಗೋಡೆ. ಮರುದಿನ ರಜೆ ಹಾಕಿ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಅವರ ಮರಣ ಪ್ರಮಾಣಪತ್ರ, ನಮ್ಮ ಕಚೇರಿಯಲ್ಲೇ ಮಾಡಿಸಿದ ವಂಶವೃಕ್ಷ, ಆಧಾರ್, ಮದುವೆಯ ಒಂದು ಫೋಟೊ. ಪೌತಿಗೆ ಬರುವ ಹೆಂಗಸರು ಇಟ್ಟುಕೊಂಡು ಬರುವಂತೆಯೇ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡಿದ್ದೆ.

ಗಾಡಿ ಸಿಕ್ಕಿತು. ಆಕೆ ಐವತ್ತರ ಸುಮಾರಿನ ಗಟ್ಟಿ ಹೆಂಗಸು. ಗಿರಾಕಿಗಳು ಮುತ್ತಿದ್ದರು. ನಾನು ಯಾರೆಂದು ಹೇಳಿದಾಗ ದೋಸೆ ಮಗುಚುವ ಕೈ ನಿಂತಿತು. ಕಾಗದಗಳನ್ನು ಚಾಚಿದೆ.

"ನನಗೆ ಕನ್ನಡ ಓದೋಕೆ ಬರಲ್ಲಮ್ಮಾ," ಎಂದಳು. ಆದರೆ ಮದುವೆಯ ಫೋಟೊ ನೋಡಿದಳು. ನನ್ನ ಮುಖ ನೋಡಿದಳು. "ಅಲ್ಲಿ ಕೂತ್ಕೋ. ಗಿರಾಕಿ ಕಮ್ಮಿ ಆಗಲಿ."

ಹತ್ತೂವರೆಗೆ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ಕುಳಿತಳು. ಒಂದು ತಟ್ಟೆ ಇಡ್ಲಿ ನನ್ನ ಮುಂದಿಟ್ಟಳು. ನನಗೆ ಇಳಿಯಲಿಲ್ಲ.

"ಈ ನಂಬರ್ ತಗೊಂಡಾಗಿಂದ ನಿಮ್ಮ ಮನೆಯವರನ್ನ ಕೇಳಿ ಫೋನ್ ಬರ್ತಾನೇ ಇದಾವಮ್ಮಾ. ಅವರ ಹತ್ರ ಓದಿದ ಮಕ್ಕಳು. ಸರ್ ಇದಾರಾ, ನಾನು ಪಾಸಾದೆ, ನನಗೆ ನೌಕರಿ ಸಿಕ್ತು ಅಂತಾರೆ. ರಾಂಗ್ ನಂಬರ್ ಅಂದು ಅಂದು ಸಾಕಾಗಿ, ಆಮೇಲೆ ಆಯ್ತಪ್ಪಾ, ಹೇಳ್ತೀನಿ ಅಂತಿದ್ದೆ." ಇಡ್ಲಿಯ ತಟ್ಟೆಯನ್ನು ನನ್ನತ್ತ ಸರಿಸಿದಳು. "ಹೋದ ದೀಪಾವಳಿ ಹತ್ರ ಒಂದು ಫೋನ್ ಬರ್ತಿತ್ತು. ಎತ್ತಿದರೆ ಮಾತೇ ಇಲ್ಲ. ಬರೀ ಉಸಿರು. ಗೊರ್ ಗೊರ್ ಅಂತ. ಮೂರು ದಿನ ಮಾಡಿದರು. ಅದೇ ನಂಬರಿಂದ ಮೆಸೇಜ್ ಬೇರೆ ಬಂತು, ಕನ್ನಡದಲ್ಲಿ, ನಡುವೆ ಓಟಿಪಿ ಅಂತ ಇಂಗ್ಲಿಷಲ್ಲಿ. ನಾನು ಹೆದರಿಬಿಟ್ಟೆ. ಕೆಟ್ಟ ಮಾತು ಬೈದು ಬ್ಲಾಕ್ ಮಾಡಿದೆ."

ನಾನು ಆ ನಂಬರು ತೋರಿಸೆಂದೆ. ತೋರಿಸಿದಳು. ಅವರದೇ ಹೊಸ ನಂಬರು. ಮೆಸೇಜು ಇನ್ನೂ ಇತ್ತು. "ತಾಯಿ, ನಾನು ಮಾಸ್ತರ. ನನಗೆ ಮಾತು ಬರುವುದಿಲ್ಲ. ಈ ನಂಬರು ಮೊದಲು ನನ್ನದಾಗಿತ್ತು. ನಿಮಗೆ ಒಂದು ಓಟಿಪಿ ಬರುತ್ತದೆ. ದಯಮಾಡಿ ಕಳಿಸಿರಿ. ಅದರಲ್ಲಿ ನನ್ನ ದನಿ ಇದೆ."

ಆಕೆಗೆ ಓದಿ ಹೇಳಿದೆ. ಹೇಳಬಾರದಿತ್ತೇನೋ. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಂದರೆ ಅವರಿಗೂ ಪಾಸ್‌ವರ್ಡ್ ಮರೆತಿತ್ತು. ವಹಿಯಲ್ಲಿ ಬರೆಯಲು ಕುಳಿತಾಗ ಗೊತ್ತಾಗಿದೆ. ಮೂರು ದಿನ ಈ ಹೆಂಗಸಿಗೆ ಫೋನು ಮಾಡಿ, ಕುತ್ತಿಗೆಯ ತೂತಿನಿಂದ ಉಸಿರು ಬಿಟ್ಟು, ಬೈಸಿಕೊಂಡಿದ್ದಾರೆ. ಆಗ ನಾನು ಮನೆಯಲ್ಲೇ ಇದ್ದೆ, ದೀಪಾವಳಿಗೆ ಸುಣ್ಣ ಬಳಿಸುತ್ತಿದ್ದೆ. ನನ್ನನ್ನು ಕರೆದು, ನನ್ನ ಪರವಾಗಿ ಮಾತಾಡು ಎಂದು ಪಾಟಿಯ ಮೇಲೆ ಬರೆದಿದ್ದರೆ ಸಾಕಿತ್ತು. ಯಾಕೆ ಬರೆಯಲಿಲ್ಲ? ನಾನು ಬೈಯುತ್ತೇನೆಂದೇ? ಹೆದರುತ್ತೇನೆಂದೇ? ನನಗೆ ತಿಳಿಯದು.

ಗುಪ್ತ ಅಂಕಿ ಆಕೆಯ ಫೋನಿಗೆ ಬಂತು. ಆಕೆಯೇ ಒಂದೊಂದಾಗಿ ಓದಿ ಹೇಳಿದಳು. ಖಾತೆ ತೆರೆಯಿತು. ಚುನಾವಣಾ ಕೆಲಸದ ಆದೇಶಗಳು, ಬಿಸಿಯೂಟದ ತಖ್ತೆಗಳು, ಶಾಲೆಯ ಧ್ವಜಾರೋಹಣದ ಫೋಟೊಗಳು. ದನಿಯ ಜಾಗದಲ್ಲಿ ಒಂದೇ ಒಂದು ಇತ್ತು. ಹುಬ್ಬಳ್ಳಿಯ ಆಸ್ಪತ್ರೆಗೆ ತಪಾಸಣೆಗೆ ಹೋದ ದಿನದ್ದು. ಒತ್ತಿದೆ.

"ಹಲೋ. ಹಲೋ. ಒಂದು, ಎರಡು, ಮೂರು. ಬರಾಕತ್ತೈತೇನಿದು?" ಕೆಮ್ಮು. ಒಬ್ಬ ನರ್ಸಿನ ದನಿ, "ಸರ್, ಜೋರಾಗಿ ಮಾತಾಡಬ್ಯಾಡ್ರಿ." ಮತ್ತೆ ಅವರು, "ಆತ್ರೀ ಯವ್ವಾ, ಆತು, ಮುಗೀತು."

ಅಷ್ಟೇ. ಉಳಿದವು ಯಾವುವೂ ಏರಿರಲಿಲ್ಲ. ಸಂಜೆ ಕೊಪ್ಪಳದಲ್ಲಿ ಇಳಿದು ಅದೇ ಅಂಗಡಿಯವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ತಿಳಿಸಿ ಹೇಳಿದರು. ವೈಫೈ ಇದ್ದಾಗ ಮಾತ್ರ ಏರಿಸು ಎಂದು ಫೋನಿಗೆ ಹೇಳಿಟ್ಟಿದ್ದರಂತೆ. ಅದು ಆಸ್ಪತ್ರೆಯಲ್ಲಿತ್ತು, ನಮ್ಮ ಮನೆಯಲ್ಲಿರಲಿಲ್ಲ. ಆಪರೇಷನ್ನಿಗೆ ಹೋದಾಗ, ಮಾತೇ ಇಲ್ಲದವರಿಗೆ ಯಾಕೆಂದು ಫೋನನ್ನು ಮನೆಯಲ್ಲೇ ಬಿಟ್ಟಿದ್ದೆವು. ಮೂರು ವಾರದ ದನಿ ಫೋನಿನಲ್ಲೇ ಕಾಯುತ್ತ ಕುಳಿತಿತ್ತು, ನಾನು ಸಹಿ ಮಾಡಿಕೊಡುವ ತನಕ.

"ಏನಾದರೂ ಮಾಡಾಕ ಬರ್ತೈತೇನ್ರಿ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. "ಇಲ್ರಿ ಅಕ್ಕಾರ." ನನ್ನ ಚೀಟಿಯನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದು ನನ್ನ ಎದುರಿಗೇ ಹರಿದುಹಾಕಿದರು. ಅದರಿಂದ ಏನಾಯಿತು? ಅಳಿಸಿದ್ದು ಅಳಿಸಿಯೇ ಇತ್ತು.

ಮಗಳಿಗೆ ಹೇಳಿದಾಗ ಅವಳು ಕೂಗಾಡಲಿಲ್ಲ. "ನನ್ನ ಒಂದು ಮಾತು ಕೇಳಬಾರದಿತ್ತೇನವ್ವಾ?" ಎಂದಳು. "ಅಪ್ಪಾಜಿ ನನಗಂತ ಇಟ್ಟಿದ್ದು ಅದು. ನಿನ್ನೊಬ್ಬಾಕಿದಲ್ಲ." ಆಮೇಲೆ ಅವಳು ಹೆರಿಗೆಯ ತನಕ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಬಾಣಂತನಕ್ಕೆ ನನ್ನ ಮನೆಗೆ ಬರಲಿಲ್ಲ. ಅತ್ತೆಮನೆಯಲ್ಲೇ ಉಳಿದಳು. ಆ ತಿಂಗಳುಗಳಲ್ಲಿ ನಾನು ಹೇಗೆ ಕಚೇರಿಗೆ ಹೋಗಿ ಬಂದೆನೋ. ಪೌತಿಗೆ ಬಂದ ಹೆಂಗಸೊಬ್ಬಳು, "ಅಕ್ಕಾರ, ಹೊಲ ನನ್ನ ಹೆಸರಿಗೆ ಆಕೈತಿಲ್ರಿ?" ಎಂದು ಕೇಳಿದಾಗ ಎದ್ದು ಹೊರಗೆ ಹೋಗಿಬಿಟ್ಟಿದ್ದೆ.

ಈಗಲೂ ನಾಲ್ಕು ಅಂಕಿಗಳು ಬರುತ್ತಲೇ ಇವೆ. ಬಸ್ಸಿಗೆ ನಿಂತಾಗ, ರೊಟ್ಟಿ ತಟ್ಟುವಾಗ. ಮದುವೆಯಾದ ಹೊಸದರಲ್ಲಿ ನಾವಿದ್ದ ಬಾಡಿಗೆ ಮನೆಯ ಎದುರಿನ ನೀರಿನ ಟ್ಯಾಂಕಿನ ಮೇಲೆ ಕೆಂಪಗೆ ಬರೆದಿದ್ದ ನಂಬರು ಒಂದು ದಿನ ಥಟ್ಟನೆ ನೆನಪಾಯಿತು. ಅದನ್ನು ಹೇಳಿ ಅವರು ನನ್ನನ್ನು ಯಾವಾಗಲೂ ನಗಿಸುತ್ತಿದ್ದರು. ಅದೇ ಎಂದು ಮೈ ಜುಮ್ಮೆಂದಿತು. ಅದೇ ಇರಲಿಕ್ಕಿಲ್ಲ. ಹಾಕಿ ನೋಡಲು ಈಗ ಬೀಗವೇ ಇಲ್ಲ.

ಮೊಮ್ಮಗಳು ಕೂರಲು ಕಲಿತ ಮೇಲೆ ಮಗಳು ತಾನಾಗಿಯೇ ನನ್ನನ್ನು ಗಿಣಿಗೇರಾಕ್ಕೆ ಕರೆದಳು. ಒಣಹಾಕಿದ ಬಟ್ಟೆಯ ಮೇಲೆ ಕಾರ್ಖಾನೆಯ ಕರಿ ಪುಡಿ ಕೂತಿತ್ತು. ಅವಳು ಝಾಡಿಸಿ ಮಡಚುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ನನ್ನ ಫೋನು ಅವಳ ಕೈಗಿಟ್ಟೆ. ಬೀಗದ ಅಂಕಿ ಹೇಳಿದೆ, ಪಾಸ್‌ವರ್ಡ್ ಹೇಳಿದೆ, ಅವಳ ಅಕ್ಷರದಲ್ಲೇ ಬರೆಸಿದೆ. ನಾನು ಹೋದ ಮೇಲೆ ಖಾತೆ ಯಾರ ಕೈಗೆ ಹೋಗಬೇಕೆಂದು ಮೊದಲೇ ತಿಳಿಸಿಡುವ ಜಾಗ ಒಂದಿದೆ ಎಂದು ಕೊಪ್ಪಳದ ಅಂಗಡಿಯವರು ತೋರಿಸಿಕೊಟ್ಟಿದ್ದರು. ಅದನ್ನು ಅವಳಿಂದ ತೆರೆಸಿದೆ. ಅವಳ ನಂಬರು ಹಾಕಿಸಿದೆ.

"ಎಷ್ಟು ತಿಂಗಳು ನಿನ್ನ ಸುದ್ದಿ ಇಲ್ಲಂದ್ರ ನನಗ ತಿಳಸಬೇಕು ಅಂತ ಕೇಳಾಕತ್ತೈತಿ," ಎಂದಳು ಮಗಳು. ಮೂರು, ಆರು, ಹನ್ನೆರಡು, ಹದಿನೆಂಟು ಎಂದಿತ್ತು. ಅವಳ ಬೆರಳು ಹದಿನೆಂಟರ ಹತ್ತಿರ ಹೋಯಿತು.

"ಮೂರು ಒತ್ತು," ಎಂದೆ.

"ಯಾಕ? ಅಷ್ಟ್ಯಾಕ ಅವಸರ ಅವ್ವಾ?"

"ನೀ ಕಾಯೂದು ಬ್ಯಾಡ."

ಅವಳು ಬಹಳ ಹೊತ್ತು ಒತ್ತಲಿಲ್ಲ. ಒಳಗೆ ಮಗು ಎದ್ದು ಅಳತೊಡಗಿತು. ಆಗ ಮೂರು ಒತ್ತಿ, ಫೋನನ್ನು ನನ್ನ ಮಡಿಲಲ್ಲಿಟ್ಟು, ನನ್ನ ಮುಖ ನೋಡದೆ ಎದ್ದು ಹೋದಳು.